ಯೋಧರ ಋಣ

ಸಂತೇಬೆನ್ನೂರಿನ ಪುಷ್ಕರಿಣಿಯನ್ನು ಕಣ್ಣಾರೆ ನೋಡಿರುವ ವಾಚಕರು ಬಹುಮಂದಿ ಇರಬಹುದು. ನೀರಿನವರೆಗೆ ಇಳಿದಿರುವ ಕಲ್ಲಿನ ಸೋಪಾನಗಳು, ನಡುನೀರಿನಲ್ಲಿ ಎದ್ದು ನಿಂತ ವಸಂತಮಂಟಪ, ದಂಡೆಯ ಮೇಲಣ ಮುಸಾಫಿರಖಾನೆಯ ಕಮಾನುಗಳು, ಇವನ್ನು ಒಮ್ಮೆ ಕಂಡವರು ಮರೆಯಲಾರರು. ಹೊಂಡವನ್ನು ಕಟ್ಟಿಸಿದವನು ೧೬ನೆಯ ಶತಮಾನದ ಪಾಳೆಯಗಾರನಾದ ಕೆಂಗ ಹನುಮಪ್ಪನಾಯಕನು. ಮುಸಾಫಿರಖಾನೆಯು ಬಿಜಾಪುರದ ದಳಪತಿ ರಣದುಲ್ಲಾಖಾನನ ಹೆಸರಿಗೆ ಸೇರಿದುದು. ಇಬ್ಬರೂ ದಂಡು ಕಟ್ಟಿ ಆಳಿದವರು. ಇಬ್ಬರ ಹೆಸರೂ ಕಟ್ಟಡಗಳ ಜೊತೆಯಲ್ಲಿ ಉಳಿದು ಬಂದಿದೆ. ಆದರೆ ಅವರ ದಂಡಿನಲ್ಲಿ ಭರ್ಜಿ ಹಿಡಿದು ನಿಂತವರು ಯಾರು? ಯಾವ ಹಳ್ಳಿಯವರು? ತಿರುಗಿ ಮನೆ ಸೇರಿದವರೆಷ್ಟು ಮಂದಿ, ಸೇರದವರೆಷ್ಟು ಮಂದಿ? ಆ ಮೆಟ್ಟಿಲುಗಳು ಇದನ್ನು ಹೇಳುವುದಿಲ್ಲ.

ಸಾಮಾನ್ಯ ಯೋಧನ ಹೆಸರು ಬೇಕಾದರೆ ನಾವು ದೊಡ್ಡ ಕಟ್ಟಡಗಳನ್ನು ಬಿಟ್ಟು ಊರಬಾಗಿಲಿಗೆ, ಕೆರೆಯ ಏರಿಗೆ, ಹಳೆಯ ಗುಡಿಯ ಅಂಗಳಕ್ಕೆ ಹೋಗಬೇಕು. ಅಲ್ಲಿ ವೀರಗಲ್ಲುಗಳಿವೆ. ಕನ್ನಡ ನಾಡಿನಲ್ಲಿ ಅವು ಇಲ್ಲದ ಸೀಮೆಯೇ ಇಲ್ಲವೆನ್ನಬಹುದು. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಂತೂ ಸಾಲಾಗಿ ನಿಂತಿವೆ. ಕೆಳಗಿನ ಪಟ್ಟಿಕೆಯಲ್ಲಿ ವೀರನು ಕಾದುತ್ತಿರುವ ಚಿತ್ರ, ನಡುವೆ ಅಪ್ಸರೆಯರು ಅವನನ್ನು ಕೈಹಿಡಿದು ಮೇಲಕ್ಕೆ ಕರೆದೊಯ್ಯುವ ಚಿತ್ರ, ಮೇಲೆ ಶಿವಸನ್ನಿಧಿಯಲ್ಲಿ ಅವನು ಕುಳಿತ ಚಿತ್ರ. ಸಾಮಾನ್ಯವಾಗಿ ಇದೇ ಕ್ರಮ. ಇವರಲ್ಲಿ ಎಲ್ಲರೂ ರಾಜರ ಯುದ್ಧಗಳಲ್ಲಿ ಮಡಿದವರಲ್ಲ. ತುರುಗಳನ್ನು ಹೊಡೆದುಕೊಂಡು ಹೋಗುತ್ತಿದ್ದ ಕಳ್ಳರನ್ನು ಬೆನ್ನಟ್ಟಿ ಸತ್ತವನುಂಟು, ಊರನ್ನು ಸುಡಲು ಬಂದವರನ್ನು ಅಡ್ಡಗಟ್ಟಿ ಸತ್ತವನುಂಟು, ಹೆಂಗಸರ ಮೊರೆಯನ್ನು ಕೇಳಿ ಓಡಿಹೋಗಿ ಸತ್ತವನುಂಟು.

ಇಷ್ಟು ಸಂಗತಿ ನಮ್ಮವರಿಗೆ ತಿಳಿದುದೇ. ಹೆಚ್ಚಾಗಿ ತಿಳಿಯದ ಸಂಗತಿ ಒಂದಿದೆ. ಕಲ್ಲು ನಿಲ್ಲಿಸಿದ ಮಾತ್ರಕ್ಕೆ ಊರಿನ ಋಣವು ತೀರಿತೆಂದು ನಮ್ಮ ಹಿರಿಯರು ಭಾವಿಸಲಿಲ್ಲ. ಅನೇಕ ಕಡೆ ಆ ಕಲ್ಲಿನ ಹಿಂದೆ ಒಂದು ತುಂಡು ಭೂಮಿ ಇರುತ್ತಿತ್ತು. ಮಡಿದವನ ಮನೆಯವರಿಗೆ ಕೊಟ್ಟ ಆ ಭೂಮಿಗೆ ಶಾಸನಗಳಲ್ಲಿ ನೆತ್ತರುಗೊಡಗೆ ಎಂದು ಹೆಸರು. ನೆತ್ತರಿಗಾಗಿ ಕೊಟ್ಟ ಕೊಡುಗೆ, ಹೆಸರಿನಲ್ಲಿಯೇ ಮುಚ್ಚುಮರೆಯಿಲ್ಲ. ಗೆದ್ದು ಜೀವಂತನಾಗಿ ಬಂದವನಿಗೆ ಕೊಟ್ಟುದಕ್ಕೆ ಬಾಳ್ಗಚ್ಚು ಎಂದು ಹೆಸರು. ಬಾಳ್ ಎಂದರೆ ಕತ್ತಿ, ಕಳ್ಚು ಎಂದರೆ ತೊಳೆಯುವುದು. ಯುದ್ಧದಿಂದ ಬಂದವನ ಕತ್ತಿಯನ್ನು ತೊಳೆದು ಕೊಡುವ ದಾನವೆಂದು ಇದರ ಅರ್ಥ. ಇನ್ನು ಮೇಲೆ ನೀನು ಕತ್ತಿಯನ್ನು ಕೆಳಗಿಟ್ಟು ಮನೆಯಲ್ಲಿರು, ನಿನ್ನ ಅನ್ನದ ಹೊಣೆ ನಮ್ಮದು ಎಂಬ ಆಶ್ವಾಸನೆಯು ಅದರೊಳಗೆ ಅಡಗಿದೆಯೆಂದು ನಮಗೆ ತೋರುತ್ತದೆ.

ಹಾಸನ ಜಿಲ್ಲೆಯ ಬೇಲೂರು ತಾಲ್ಲೂಕಿನಲ್ಲಿ ದೊರೆತ ಹಲ್ಮಿಡಿಯ ಶಾಸನವನ್ನು ಕೇಳದ ಕನ್ನಡಿಗರಿಲ್ಲ. ಸುಮಾರು ೪೫೦ರ ಕಾಲದ್ದೆಂದು ವಿದ್ವಾಂಸರು ಎಣಿಸಿರುವ ಈ ಶಾಸನವು ಕನ್ನಡದ ಅತ್ಯಂತ ಹಳೆಯ ಬರಹಗಳಲ್ಲೊಂದು. ಅದನ್ನು ಭಾಷೆಯ ಹಿರಿಮೆಗಾಗಿ ನಾವು ಕೊಂಡಾಡುತ್ತೇವೆ. ಅದರಲ್ಲಿ ಏನು ಬರೆದಿದೆಯೆಂದು ಕೇಳುವವರು ಕಡಮೆ. ಕದಂಬರ ಕಾಲದಲ್ಲಿ ಯುದ್ಧದಲ್ಲಿ ಪರಾಕ್ರಮ ತೋರಿದ ವಿಜ ಅರಸನೆಂಬ ವೀರನಿಗೆ ಪಲ್ಮಿಡಿ, ಮೂಳಿವಳ್ಳಿ ಎಂಬೆರಡು ಗ್ರಾಮಗಳನ್ನು ಬಾಳ್ಗಚ್ಚಾಗಿ ಕೊಟ್ಟ ಸಂಗತಿಯೇ ಅದರ ಸಾರ. ಈ ದಾನವನ್ನು ಅಪಹರಿಸಿದವನು ಮಹಾಪಾತಕಿಯೆಂದು ಎಚ್ಚರಿಕೆಯನ್ನೂ ಕೊರೆದಿದ್ದಾರೆ. ಕನ್ನಡವು ಕಲ್ಲಿನ ಮೇಲೆ ಬರೆಯಲು ತೊಡಗಿದ ಕಾಲದಲ್ಲಿ ಬರೆದುದು ಒಬ್ಬ ಯೋಧನಿಗೆ ಸಲ್ಲಬೇಕಾದ ಋಣದ ಲೆಕ್ಕವನ್ನು!

ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲು ಇನ್ನೂ ಸ್ವಾರಸ್ಯವಾದುದು. ಸುಮಾರು ೯೪೯ರಲ್ಲಿ ತಕ್ಕೋಲದ ಕಾಳಗದಲ್ಲಿ ರಾಷ್ಟ್ರಕೂಟ ಮುಮ್ಮಡಿ ಕೃಷ್ಣನು ಚೋಳರನ್ನು ಸೋಲಿಸಿದಾಗ, ಗಂಗರ ಬೂತುಗನ ಪಕ್ಷದಲ್ಲಿ ಮಣಲೆರನೆಂಬ ವೀರನು ಮೆರೆದನು. ಮೆಚ್ಚಿದ ಬೂತುಗನು, ಬೇಕಾದುದನ್ನು ಕೇಳು ಎಂದಾಗ ಅವನು ಕೇಳಿದುದು ಕಾಳಿಯೆಂಬ ಬೇಟೆನಾಯಿಯನ್ನು! ಮುಂದೆ ಆ ನಾಯಿಯು ಕಾಡುಹಂದಿಯೊಡನೆ ಹೋರಾಡಿ, ಎರಡೂ ಸತ್ತುವು. ನಾಯಿಗೆ ಕಲ್ಲು ನಿಲ್ಲಿಸಿ, ಪೂಜೆಗೆಂದು ಭೂಮಿ ಬಿಟ್ಟು, ಪೂಜಿಸದೆ ಉಣ್ಣುವವನಿಗೆ ಆ ನಾಯಿಯ ಪಾಪ ತಟ್ಟಲೆಂದು ಬರೆಯಿಸಿದರು. ಮಣಲೆರನು ನಾಯಿಯನ್ನು ಮಾತ್ರ ಕೇಳಿದನೆಂದು ಬೂತುಗನು ಅಷ್ಟಕ್ಕೇ ಸುಮ್ಮನಾಗಲಿಲ್ಲ. ಆತಕೂರು ಮೊದಲಾದುವನ್ನು ಬಾಳ್ಗಚ್ಚಾಗಿ ಕೊಟ್ಟನೆಂದು ಅದೇ ಕಲ್ಲು ಹೇಳುತ್ತದೆ. ಯೋಧನು ಸಂಕೋಚದಿಂದ ಕಡಮೆ ಕೇಳಿದರೂ ಕೊಡತಕ್ಕವನು ತಾನೇ ಅರಿತು ಕೊಡಬೇಕೆಂಬ ವಿವೇಕವು ಆ ದೊರೆಗಿತ್ತು.

ಹಿಂದಿನದೆಲ್ಲವೂ ಒಳ್ಳೆಯದೆಂದು ಹೊಗಳುವುದು ನಮ್ಮ ಉದ್ದೇಶವಲ್ಲ. ವೀರಗಲ್ಲಿನ ಪಕ್ಕದಲ್ಲಿಯೇ ಎಷ್ಟೋ ಕಡೆ ಮಾಸ್ತಿಕಲ್ಲು ಇದೆ; ಬಳೆ ತೊಟ್ಟು ಮೇಲೆತ್ತಿದ ಕೈ ಅದರ ಗುರುತು. ಗಂಡನೊಡನೆ ಚಿತೆಯೇರಿದವಳಿಗೆ ಕಲ್ಲು ನಿಲ್ಲಿಸಿದ ಕಾಲವದು. ನಮ್ಮ ಕಾಲದ ಯೋಧನ ಹೆಂಡತಿ ಬದುಕಿರುತ್ತಾಳೆ, ಬದುಕಿರಬೇಕು. ಮಕ್ಕಳನ್ನು ಓದಿಸುತ್ತಾಳೆ, ತೋಟಕ್ಕೆ ನೀರು ಹಾಯಿಸುತ್ತಾಳೆ, ಬ್ಯಾಂಕಿನಲ್ಲಿ ಸಾಲಾಗಿ ನಿಲ್ಲುತ್ತಾಳೆ. ಋಣ ತೀರಿಸುವ ಮಾತು ಈಗ ಬಹುಮಟ್ಟಿಗೆ ಅವಳಿಗೆ ಸಂಬಂಧಿಸಿದ ಮಾತು. ಆ ಸಂಗತಿಗೆ ಮುಂದೆ ಬರುತ್ತೇವೆ.

ಆಧುನಿಕ ಕಾಲದಲ್ಲಿ ನಮ್ಮ ನಾಡಿನ ಸೈನಿಕರಿಗೆ ಹೊರದೇಶದಲ್ಲಿ ದೊರೆತ ಕೀರ್ತಿಯಲ್ಲಿ ದೊಡ್ಡದು ಹೈಫಾ ಪಟ್ಟಣದ್ದು. ಮೈಸೂರು ಸಂಸ್ಥಾನದ ಲ್ಯಾನ್ಸರ್ಸ್ ಕುದುರೆಪಡೆಯು ೧೯೧೪ರಲ್ಲಿ ಈಜಿಪ್ಟಿಗೆ ಹೊರಟಿತು. ೧೯೧೮ರ ಸೆಪ್ಟೆಂಬರ್ ೨೩ರಂದು ಜೋಧಪುರದ ಸವಾರರೂ ಮೈಸೂರಿನ ಸವಾರರೂ ಕೂಡಿ ಹೈಫಾವನ್ನು ಹಿಡಿದರು. ಎದುರಿಗೆ ಮೆಷಿನ್ ಗನ್ನುಗಳು, ಪಕ್ಕದಲ್ಲಿ ಕಾರ್ಮೆಲ್ ಬೆಟ್ಟದ ಮೇಲಣ ಫಿರಂಗಿಗಳು. ಇವರ ಕೈಯಲ್ಲಿ ಈಟಿ. ಬೆಟ್ಟವನ್ನೇರಿ ಆ ಫಿರಂಗಿಗಳ ಬಾಯಿ ಮುಚ್ಚಿಸುವ ಕೆಲಸ ಮೈಸೂರಿನವರ ಪಾಲಿಗೆ ಬಂದಿತು. ಬೆಂಗಳೂರಿನ ಜಯಚಾಮರಾಜೇಂದ್ರ ನಗರದಲ್ಲಿ ಮಡಿದ ಲ್ಯಾನ್ಸರರ ಹೆಸರುಗಳುಳ್ಳ ಕಲ್ಲಿನ ಕಂಬವಿದೆ. ದೆಹಲಿಯಲ್ಲಿ ೧೯೨೨ರಲ್ಲಿ ನಿಲ್ಲಿಸಿದ ಮೂರು ಪ್ರತಿಮೆಗಳು ಹೈದರಾಬಾದು, ಜೋಧಪುರ, ಮೈಸೂರುಗಳ ಸವಾರರನ್ನು ನೆನಪಿಸುತ್ತವೆ. ೨೦೧೮ರ ಜನವರಿಯಲ್ಲಿ ಆ ವೃತ್ತಕ್ಕೆ ಹೈಫಾದ ಹೆಸರನ್ನೂ ಸೇರಿಸಿದರು. ಹೈಫಾದ ಜನರು ಇಂದಿಗೂ ಸೆಪ್ಟೆಂಬರಿನಲ್ಲಿ ಆ ಸವಾರರನ್ನು ಸ್ಮರಿಸುತ್ತಾರೆ. ಅಷ್ಟು ದೂರದ ಪಟ್ಟಣದವರು ನೆನೆಯುವವರನ್ನು ಬೆಂಗಳೂರಿನ ಆ ಕಂಬದ ಪಕ್ಕದಲ್ಲಿ ದಿನವೂ ಹಾಯುವ ಸಾವಿರಾರು ಜನರಲ್ಲಿ ಎಷ್ಟು ಮಂದಿ ನೆನೆಯುತ್ತಾರೋ! ೧೯೫೩ರಲ್ಲಿ ಮೈಸೂರು ಲ್ಯಾನ್ಸರ್ಸ್ ಇತರ ಸಂಸ್ಥಾನಗಳ ಕುದುರೆಪಡೆಗಳೊಡನೆ ಸೇರಿ ೬೧ನೆಯ ಕ್ಯಾವಲ್ರಿ ಎಂಬ ಪಡೆಯಾಯಿತು.

ಸೇನಾಪತಿಗಳ ವಿಷಯದಲ್ಲಿ ನಾವು ಅಷ್ಟು ಮರೆಗುಳಿಗಳಲ್ಲ. ಕೊಡಗಿನ ಕಾರಿಯಪ್ಪನವರು ೧೯೪೯ರ ಜನವರಿ ೧೫ರಂದು ಭಾರತೀಯ ಸೈನ್ಯದ ಮೊದಲ ಭಾರತೀಯ ಮಹಾದಂಡನಾಯಕರಾದರು. ಆ ದಿನವೇ ಸೇನಾದಿನ. ೧೯೫೩ರ ಜನವರಿ ೧೪ರಂದು ನಿವೃತ್ತರಾದರು. ೨೦೧೬ರಿಂದ ಆ ದಿನವನ್ನು ಮಾಜಿ ಸೈನಿಕರ ದಿನವೆಂದು ಆಚರಿಸುತ್ತಾರೆ. ನಿವೃತ್ತಿಯ ಬಳಿಕ ಅವರು ತಮ್ಮೊಡನೆ ದುಡಿದ ಸಾಮಾನ್ಯ ಸಿಪಾಯಿಗಳ ಕ್ಷೇಮಕ್ಕಾಗಿ ಬಹುವಾಗಿ ಶ್ರಮಿಸಿದರು. ಸೈಪ್ರಸ್ಸಿನಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯ ಮುಖಂಡರಾಗಿದ್ದಾಗಲೇ ೧೯೬೫ರಲ್ಲಿ ತೀರಿಕೊಂಡ ತಿಮ್ಮಯ್ಯನವರ ಮಡಿಕೇರಿಯ ಮನೆಯು ೨೦೨೧ರಿಂದ ವಸ್ತುಸಂಗ್ರಹಾಲಯವಾಗಿದೆ. ಇದೆಲ್ಲವೂ ಯುಕ್ತವೇ. ಆದರೆ ನಮ್ಮ ಊರಿನ ಸಿಪಾಯಿ, ನಾಯಕ, ಹವಾಲ್ದಾರ ಇವರ ಗತಿಯೇನು?

ಹಳ್ಳಿಯಲ್ಲಿ ಸೇನೆಯಿಂದ ಬಂದವನಿಗೆ ಹೆಸರಿನ ಮುಂದೆ ‘ಮಿಲ್ಟ್ರಿ’ ಎಂದು ಸೇರಿಸಿ ಕರೆಯುವುದುಂಟು. (ಮಾಂಸದೂಟದ ಹೋಟೆಲಿಗೂ ಮಿಲ್ಟ್ರಿ ಹೋಟೆಲೆಂದೇ ಹೆಸರು; ಒಟ್ಟಿನಲ್ಲಿ ಈ ಶಬ್ದದಲ್ಲಿ ನಮ್ಮವರಿಗೆ ಗಟ್ಟಿತನದ ಭಾವನೆಯಿದೆ.) ಆ ‘ಮಿಲ್ಟ್ರಿಯವರು’ ಮುದುಕರಾಗಿರುತ್ತಾರೆಂದು ಪಟ್ಟಣದವರು ಊಹಿಸಿದರೆ ತಪ್ಪು. ಸೈನ್ಯಕ್ಕೆ ಎಳೆಯ ಮೈಕಟ್ಟು ಬೇಕು. ೧೮, ೨೦ರ ವಯಸ್ಸಿನಲ್ಲಿ ಸೇರಿದ ಸಿಪಾಯಿಗೆ ಪಿಂಚಣಿಯ ಹಕ್ಕು ಬರುವುದಕ್ಕೆ ಕನಿಷ್ಠ ೧೫ ವರ್ಷಗಳ ಸೇವೆ ಸಾಕು. ಅನೇಕರು ೪೦ಕ್ಕೆ ಮೊದಲೇ ಮನೆಗೆ ಬರುತ್ತಾರೆ. ಅವರೊಡನೆ ಓದಿದ ಮೇಷ್ಟರಿಗೆ ಇನ್ನೂ ೨೦ ವರ್ಷಗಳ ಉದ್ಯೋಗವಿರುತ್ತದೆ. ಇವನಿಗೆ ಮಕ್ಕಳು ಇನ್ನೂ ಶಾಲೆಯಲ್ಲಿ, ತಂದೆತಾಯಿಗಳು ಮುಪ್ಪಿನಲ್ಲಿ. ಇಷ್ಟು ವರ್ಷ ಅಣ್ಣತಮ್ಮಂದಿರು ಉತ್ತು ನೋಡಿಕೊಂಡ ಹೊಲದಲ್ಲಿ ಪಾಲು ಕೇಳಿದರೆ ಮನಸ್ತಾಪ, ಕೇಳದಿದ್ದರೆ ಬದುಕಿಗೆ ಆಧಾರವಿಲ್ಲ. ಬ್ಯಾಂಕಿನ ಬಾಗಿಲಲ್ಲಿ ಕಾವಲುಗಾರನಾಗಿ ಕೋವಿ ಹಿಡಿದು ನಿಂತವನ ಎದೆಯ ಮೇಲೆ ಹಿಂದೆ ಪದಕಗಳಿದ್ದುವೆಂಬುದು ಹಣ ಕಟ್ಟಲು ಬಂದ ನಮಗೆ ಹೊಳೆಯುವುದೇ ಇಲ್ಲ.

ಹಿಂದಿನ ಬಾಳ್ಗಚ್ಚಿಗೆ ಈಗ ಸಮನಾಗಿ ನಿಂತಿರುವುದು ಪಿಂಚಣಿ. ಅದರಲ್ಲಿಯೂ ಒಂದು ದೀರ್ಘವಾದ ಅಸಮಾಧಾನವಿತ್ತು: ಒಂದೇ ಪದವಿಯಲ್ಲಿ, ಒಂದೇ ಅವಧಿಯ ಸೇವೆ ಮಾಡಿದ ಇಬ್ಬರಲ್ಲಿ, ಮೊದಲು ನಿವೃತ್ತನಾದವನಿಗೆ ಕಡಮೆ, ಅನಂತರ ನಿವೃತ್ತನಾದವನಿಗೆ ಹೆಚ್ಚು. ‘ಸಮಾನ ಪದವಿಗೆ ಸಮಾನ ಪಿಂಚಣಿ’ ಎಂಬ ಕೂಗು ಎಷ್ಟೋ ವರ್ಷ ನಡೆದು, ೨೦೧೫ರ ನವೆಂಬರಿನಲ್ಲಿ ಆಜ್ಞೆ ಹೊರಟು, ೨೦೧೪ರ ಜುಲೈ ೧ರಿಂದ ಅನ್ವಯವಾಯಿತು. ಭೂಮಿಯೂ ಪೂರ್ತಿಯಾಗಿ ಮರೆತುಹೋಗಿಲ್ಲ. ಕರ್ನಾಟಕದ ೧೯೬೯ರ ಭೂಮಂಜೂರಾತಿ ನಿಯಮಗಳಲ್ಲಿ ಸೈನಿಕರಿಗೂ ಮಾಜಿ ಸೈನಿಕರಿಗೂ ಪಾಲು ಮೀಸಲಾಯಿತು. ನಿಯಮವಿರುವುದು ಒಂದು, ಕಡತ ನಡೆಯುವುದು ಇನ್ನೊಂದು ಎಂಬುದನ್ನು ಅರ್ಜಿ ಹಿಡಿದು ಅಲೆದ ಗೃಹಸ್ಥರಿಗೆ ನಾವು ವಿವರಿಸಬೇಕಾಗಿಲ್ಲ.

೨೦೧೬ರ ಫೆಬ್ರವರಿಯನ್ನು ವಾಚಕರು ಮರೆತಿರಲಾರರು. ಧಾರವಾಡ ಜಿಲ್ಲೆ ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರು ಮದ್ರಾಸ್ ರೆಜಿಮೆಂಟಿನ ೧೯ನೆಯ ಪಡೆಯ ಸಂಗಡಿಗರೊಡನೆ ಸಿಯಾಚಿನ್ ಹಿಮನದಿಯ ಸೋನಮ್ ಠಾಣೆಯಲ್ಲಿದ್ದರು. ಎತ್ತರ ೧೯,೦೦೦ ಅಡಿಗೂ ಹೆಚ್ಚು. ೩ನೆಯ ತಾರೀಖು ಹಿಮರಾಶಿಯು ಕುಸಿದು ೧೦ ಮಂದಿಯನ್ನು ಹೂತುಹಾಕಿತು. ೬ನೆಯ ದಿನ ಹಿಮವನ್ನು ಕಡಿದು ತೆಗೆದಾಗ ಹನುಮಂತಪ್ಪನವರೊಬ್ಬರಲ್ಲಿ ಉಸಿರಿತ್ತು! ದೇಶಕ್ಕೆ ದೇಶವೇ ಪ್ರಾರ್ಥಿಸಿತು. ನಮ್ಮ ಹೆಣ್ಣುಮಕ್ಕಳು ಗುಡಿಗಳಲ್ಲಿ ದೀಪ ಹಚ್ಚಿದರು. ೧೧ನೆಯ ತಾರೀಖು ದೆಹಲಿಯ ಸೈನಿಕ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು. ಬೆಟದೂರಿನಲ್ಲಿ ಅಂತ್ಯಕ್ರಿಯೆಗೆ ಸೇರಿದ ಜನಸಮೂಹವನ್ನು ಕಂಡವರು, ಕನ್ನಡಿಗರಿಗೆ ಕೃತಜ್ಞತೆ ಇಲ್ಲವೆಂದು ಹೇಳಲಾರರು. ಉಕ್ಕುವ ಕೃತಜ್ಞತೆ ನಮ್ಮಲ್ಲಿದೆ. ಆದರೆ ಅದೇ ಹಿಮದಲ್ಲಿ ಕಾದು, ಕಾಲಿನ ಬೆರಳು ಕಳೆದುಕೊಂಡು, ಸದ್ದಿಲ್ಲದೆ ಬಸ್ಸಿನಿಂದಿಳಿದು ಬಂದವನಿಗಾಗಿ ಯಾರೂ ದೀಪ ಹಚ್ಚುವುದಿಲ್ಲ. ಅವನ ಕೃತಜ್ಞತೆಯು ಹೊಳೆಯಂತೆ ಉಕ್ಕುವುದು ಬೇಡ. ನಲ್ಲಿಯ ನೀರಿನಂತೆ ದಿನದಿನಕ್ಕೆ ಬಂದರೆ ಸಾಕು.

ಆ ದಿನದಿನದ ಕೃತಜ್ಞತೆಯಲ್ಲಿ ಮನೆಯವರು ಮಾಡತಕ್ಕುದೇನೆಂಬುದನ್ನು ಈಗ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇವೆ. ಡಿಸೆಂಬರ್ ೭ ಸಶಸ್ತ್ರ ಪಡೆಗಳ ಧ್ವಜ ದಿನ, ೧೯೪೯ರಿಂದ ನಡೆದುಬಂದಿದೆ. ಕೆಂಪು, ಕಡುನೀಲಿ, ತಿಳಿನೀಲಿ ಬಣ್ಣಗಳ ಸಣ್ಣ ಧ್ವಜವನ್ನು ಮಕ್ಕಳು ಶಾಲೆಯಿಂದ ತಂದಾಗ ‘ಇದಕ್ಕೊಂದು ದುಡ್ಡೇ’ ಎಂದು ಗದರಿಸುವ ತಂದೆಯರನ್ನು ನಾವು ಕಂಡಿದ್ದೇವೆ. ಆ ದುಡ್ಡು ಗಾಯಗೊಂಡವರ, ಮಡಿದವರ ಸಂಸಾರಗಳ, ನಿವೃತ್ತರ ಕ್ಷೇಮನಿಧಿಗೆ ಸೇರುತ್ತದೆ. ಕೊಡುವಾಗ ಮೂರು ಬಣ್ಣಗಳು ಭೂಸೇನೆ, ನೌಕಾಸೇನೆ, ವಾಯುಸೇನೆಗಳವು ಎಂದು ಮಗುವಿಗೆ ಹೇಳಿ ಕೊಡಬಹುದು.

ಅದಕ್ಕಿಂತ ಮುಖ್ಯವಾದುದು ಕಾಗದಪತ್ರಗಳ ಸಹಾಯ. ಇದು ನೀರಸವೆಂದು ವಾಚಕರು ಪುಟ ತಿರುವಬಾರದು. ಯುದ್ಧದಲ್ಲಿ ಮಡಿದವನ ಪತ್ನಿಗೆ ಅವನ ಕೊನೆಯ ವೇತನದಷ್ಟೇ ಕುಟುಂಬ ಪಿಂಚಣಿ ಸಲ್ಲುತ್ತದೆ. ನಿವೃತ್ತನಾಗಿ ಬಂದು ಎಷ್ಟೋ ವರ್ಷಗಳ ಮೇಲೆ ಮನೆಯಲ್ಲಿ ತೀರಿಕೊಂಡವನ ಪತ್ನಿಗೆ ಸಾಮಾನ್ಯವಾಗಿ ಕೊನೆಯ ವೇತನದ ೧೦೦ಕ್ಕೆ ೩೦ ಪಾಲು. ಈ ೩೦ ಪಾಲಾದರೂ ಕೈಸೇರಬೇಕಾದರೆ ಪಿಂಚಣಿಯ ಆಜ್ಞಾಪತ್ರದಲ್ಲಿ ಅವಳ ಹೆಸರಿರಬೇಕು, ಆ ಹೆಸರು ಆಧಾರ್ ಚೀಟಿಯಲ್ಲಿಯೂ ಬ್ಯಾಂಕಿನ ಪುಸ್ತಕದಲ್ಲಿಯೂ ಒಂದೇ ಆಗಿರಬೇಕು. ನಮ್ಮ ಹಳ್ಳಿಗಳಲ್ಲಿ ತವರುಮನೆಯಲ್ಲಿ ಹಾಲಮ್ಮನಾದವಳು ಗಂಡನ ಮನೆಯಲ್ಲಿ ಹಾಲವ್ವನಾಗುತ್ತಾಳೆ. ಪಡೆಯ ಗುಮಾಸ್ತನು ಉತ್ತರ ದೇಶದವನಾಗಿದ್ದರೆ ಅವನ ಕಿವಿಗೆ ಬಿದ್ದುದು ಮೂರನೆಯ ಹೆಸರು! ಗಂಡನು ಬದುಕಿರುವಾಗ ಒಂದು ಅರ್ಜಿಯಿಂದ ತಿದ್ದಬಹುದಾದುದು, ಅವನು ತೀರಿಕೊಂಡ ಮೇಲೆ ಪ್ರಮಾಣಪತ್ರ, ಸಾಕ್ಷಿ, ಮುದ್ರೆ ಎಂದು ತಿಂಗಳುಗಟ್ಟಲೆ ಬೆಳೆಯುತ್ತದೆ. ಅಷ್ಟು ದಿನ ಅವಳ ಮನೆಯಲ್ಲಿ ಒಲೆ ಉರಿಯಬೇಕಲ್ಲವೆ?

ಆದುದರಿಂದ ಓದುಬರಹ ಬಲ್ಲ ಗೃಹಸ್ಥರು ತಮ್ಮ ಬೀದಿಯ ಮಾಜಿ ಸೈನಿಕರ ಮನೆಗೆ ಒಂದು ಸಂಜೆ ಹೋಗಿ ಕುಳಿತು, ‘ಯಜಮಾನರೆ, ನಿಮ್ಮ ಟ್ರಂಕು ತೆಗೆಯಿರಿ, ಕಾಗದಗಳನ್ನು ನೋಡೋಣ’ ಎಂದು ಕೇಳುವುದು ನೂರು ಹಾರಗಳಿಗಿಂತ ಮೇಲಾದ ಸನ್ಮಾನವೆಂದು ನಾವು ಎಣಿಸುತ್ತೇವೆ. ಹೆಂಡತಿಯನ್ನೂ ಕರೆದು ಕೂರಿಸಬೇಕು. ಯಾವ ಕಾಗದ ಎಲ್ಲಿದೆ, ಪಿಂಚಣಿ ಯಾವ ಬ್ಯಾಂಕಿಗೆ ಬರುತ್ತದೆ, ಖಾತೆ ಜಂಟಿಯಾಗಿದೆಯೇ ಎಂಬುದು ಅವಳಿಗೆ ತಿಳಿದಿರಬೇಕು. ‘ಅವಳಿಗೇಕೆ ಈ ತಲೆನೋವು’ ಎಂದು ಯಜಮಾನರು ಪ್ರೀತಿಯಿಂದಲೇ ಹೇಳುವುದುಂಟು. ಈ ಪ್ರೀತಿ ಅವಳಿಗೆ ಮುಂದೆ ದುಬಾರಿಯಾಗುತ್ತದೆ. ಈಚೆಗೆ ‘ಸ್ಪರ್ಶ್’ ಎಂಬ ಗಣಕಯಂತ್ರದ ಏರ್ಪಾಡಿನಿಂದ ಸೈನಿಕ ಪಿಂಚಣಿಗಳು ನಡೆಯುತ್ತಿವೆ. ಮೊಬೈಲಿನಲ್ಲಿ ಬರುವ ಗುಪ್ತಸಂಖ್ಯೆಯನ್ನು ಮುದುಕನ ಬದಲು ಅಂಗಡಿಯವನೊಬ್ಬನು ಓದಿ ಒತ್ತುವುದು ಕ್ಷೇಮವಲ್ಲ. ಮನೆಯಲ್ಲಿ ಕಾಲೇಜು ಓದುವ ಮಕ್ಕಳಿದ್ದರೆ ಆ ಕೆಲಸವನ್ನು ಅವರಿಗೆ ಒಪ್ಪಿಸಬಹುದು.

ವರ್ಷಕ್ಕೊಮ್ಮೆ ತಾನು ಬದುಕಿರುವೆನೆಂದು ಪಿಂಚಣಿದಾರನು ದೃಢಪಡಿಸಬೇಕು. ಸಾಮಾನ್ಯವಾಗಿ ಇದು ನವೆಂಬರ್ ತಿಂಗಳಿನ ಕೆಲಸ. ೨೦೧೪ರಿಂದ ಬೆರಳಿನ ಗುರುತಿನ ಮೂಲಕವೂ ಇದನ್ನು ಮಾಡಬಹುದಾಗಿದೆ. ಆದರೆ ಅಡಿಕೆ ಸುಲಿದು ಸುಲಿದು ಸವೆದ ಬೆರಳನ್ನು ಯಂತ್ರವು ಗುರುತಿಸದೆ ಹೋಗುವುದುಂಟು. ಆಗ ಮುಖವನ್ನು ತೋರಿಸಿ ದೃಢಪಡಿಸುವ ಉಪಾಯವೂ ಇದೆ. ಇದು ತಪ್ಪಿದರೆ ಪಿಂಚಣಿ ನಿಲ್ಲುತ್ತದೆ. ಮಂಚ ಹಿಡಿದ ವೃದ್ಧೆಗೆ ಪಿಂಚಣಿ ನಿಂತುಹೋಗಿ, ಯಾಕೆಂದು ಯಾರಿಗೂ ತಿಳಿಯದೆ ಮೂರು ತಿಂಗಳು ಕಳೆಯುವಂಥ ಸಂದರ್ಭವನ್ನು ಪಕ್ಕದ ಮನೆಯವರು ಅರ್ಧ ಗಂಟೆಯ ಕೆಲಸದಿಂದ ತಪ್ಪಿಸಬಲ್ಲರು. ಮಾಜಿ ಸೈನಿಕರಿಗೆ ೨೦೦೩ರಿಂದ ಪ್ರತ್ಯೇಕವಾದ ಆರೋಗ್ಯ ಯೋಜನೆಯೂ ಇದೆ. ಅದರ ಚೀಟಿ ಪಟ್ಟಣಕ್ಕೆ ಹೋಗಿ ಮಾಡಿಸಬೇಕಾದುದರಿಂದ ಮಾಡಿಸದೆಯೇ ಉಳಿದವರುಂಟು. ಸಂತೇಬೆನ್ನೂರು, ನ್ಯಾಮತಿ, ಜಗಳೂರುಗಳಂಥ ಕಡೆಯಿಂದ ದೂರದ ಆಸ್ಪತ್ರೆಗೋ ಸೈನಿಕ ಕಲ್ಯಾಣ ಕಚೇರಿಗೋ ಹೋಗಿ ಬರುವುದೆಂದರೆ ಒಂದು ದಿನದ ಕೂಲಿ ಹೋದಂತೆಯೇ. ತಮ್ಮ ಕಾರಿನಲ್ಲಿ ದಾವಣಗೆರೆಗೆ ಹೊರಟವರು ಹಿಂದಿನ ಸೀಟು ಖಾಲಿಯಿದ್ದರೆ ಅವರನ್ನು ಕೇಳಿಯೇ ಹೊರಡಬೇಕು.

ಪಿಂಚಣಿಯೇ ಇಲ್ಲದವರೂ ಇದ್ದಾರೆ. ಐದು, ಎಂಟು ವರ್ಷಗಳ ಸೇವೆಯ ಬಳಿಕ ಮನೆಯ ಕಾರಣದಿಂದ ಬಿಟ್ಟು ಬಂದವರು. ವಯಸ್ಸಾದ ಮೇಲೆ ಇವರ ಪಾಡು ಹೇಳತೀರದು. ೬೫ ವರ್ಷ ದಾಟಿದ, ಹವಾಲ್ದಾರ ಪದವಿಯವರೆಗಿನ ಇಂಥ ಬಡವರಿಗೂ ಇವರ ವಿಧವೆಯರಿಗೂ ಕೇಂದ್ರದ ನಿಧಿಯಿಂದ ತಿಂಗಳ ಸಹಾಯಧನ ದೊರೆಯುತ್ತದೆ. ಅರ್ಜಿಯು ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯ ಮೂಲಕ ಹೋಗಬೇಕು. ಕೇಳಿದರೆ ದೊರೆಯುತ್ತದೆ, ಕೇಳುವುದಕ್ಕೆ ಇವರಿಗೆ ನಾಚಿಕೆ. ಮಣಲೆರನು ನಾಯಿಯನ್ನು ಮಾತ್ರ ಕೇಳಿದ ಕಥೆ ಇಲ್ಲಿ ನಮ್ಮ ನೆನಪಿಗೆ ಬರುತ್ತದೆ.

ಇವರ ಜೊತೆಗೆ ಇನ್ನೊಂದು ಗುಂಪು ಊರುಗಳಿಗೆ ಬರಲಿದೆ. ೨೦೨೨ರಲ್ಲಿ ಜಾರಿಗೆ ಬಂದ ಅಗ್ನಿಪಥ ಯೋಜನೆಯಂತೆ ಸೇರುವ ಹುಡುಗರ ಸೇವಾವಧಿ ೪ ವರ್ಷ. ಯೋಜನೆಯು ಪ್ರಕಟವಾದಾಗ ಹೇಳಿದಂತೆ ಅವರಲ್ಲಿ ೧೦೦ಕ್ಕೆ ೨೫ ಮಂದಿಯವರೆಗೆ ಸೈನ್ಯದಲ್ಲಿ ಮುಂದುವರಿಯುತ್ತಾರೆ. ಉಳಿದವರು ಸುಮಾರು ೧೧ ಲಕ್ಷ ೭೧ ಸಾವಿರ ರೂಪಾಯಿಗಳ ಇಡುಗಂಟಿನೊಡನೆ, ಪಿಂಚಣಿಯಿಲ್ಲದೆ ಮನೆಗೆ ಬರುತ್ತಾರೆ. ಯೋಜನೆಯ ಒಳಿತುಕೆಡುಕುಗಳ ಚರ್ಚೆಯನ್ನು ಬಲ್ಲವರಿಗೆ ಬಿಡುತ್ತೇವೆ. ಗೃಹಸ್ಥರ ಚಿಂತೆ ಬೇರೆ. ೨೨, ೨೪ರ ವಯಸ್ಸಿನವನ ಕೈಗೆ ಒಮ್ಮೆಲೇ ಅಷ್ಟು ಹಣ ಬಂದಾಗ ಬೈಕು, ಮದುವೆ, ಬಡ್ಡಿಗೆ ಕೇಳುವ ನೆಂಟರು ಎಲ್ಲರೂ ಬಾಗಿಲಲ್ಲಿರುತ್ತಾರೆ. ಹುಡುಗನು ಅರ್ಧದಲ್ಲಿ ನಿಲ್ಲಿಸಿದ ಓದನ್ನು ಮುಂದುವರಿಸುವಂತೆ, ಹಣವನ್ನು ಕೆಲವು ಕಾಲ ಬ್ಯಾಂಕಿನಲ್ಲಿ ಮುಟ್ಟದೆ ಇಡುವಂತೆ ತಾಯಿಯೇ ಹೇಳಿದರೆ ಕೇಳಿಯಾನು. ಊರಿನಲ್ಲಿ ಅವನಿಗಿಂತ ಮುಂಚೆ ಬಂದ ಹವಾಲ್ದಾರರೊಬ್ಬರು ಜೊತೆಗೆ ಕುಳಿತು ಹೇಳಿದರೆ ಇನ್ನೂ ಒಳ್ಳೆಯದು.

ಕೊನೆಯದಾಗಿ ಮಾತಿನ ವಿಷಯ. ಸೇನೆಯಿಂದ ಬಂದವರನ್ನು ಕಂಡಕೂಡಲೆ ‘ಎಷ್ಟು ಜನರನ್ನು ಕೊಂದಿರಿ?’ ಎಂದು ಹುಡುಗರು ಕೇಳುವುದುಂಟು, ದೊಡ್ಡವರೂ ನಕ್ಕು ಸುಮ್ಮನಿರುತ್ತಾರೆ. ಇದನ್ನು ಕೇಳಬಾರದು. ಸಂಗಡಿಗನು ಕಣ್ಣೆದುರಿಗೆ ಸತ್ತುದನ್ನು ಕಂಡವನಿಗೆ ಆ ಪ್ರಶ್ನೆ ಏನಾಗಿ ಕೇಳಿಸುತ್ತದೆಂಬುದನ್ನು ಯೋಚಿಸಬೇಕು. ರಾತ್ರಿ ಬೆಚ್ಚಿ ಏಳುವುದು, ಪಟಾಕಿಯ ಸದ್ದಿಗೆ ಮೈ ಬಿಗಿಯುವುದು, ಕುಡಿತಕ್ಕೆ ಬೀಳುವುದು ಇವು ಕೆಲವರಲ್ಲಿ ಕಾಣುತ್ತವೆ; ಇವು ಹೇಡಿತನವೂ ಅಲ್ಲ, ದೆವ್ವದ ಚೇಷ್ಟೆಯೂ ಅಲ್ಲ, ವೈದ್ಯರಿಗೆ ತೋರಿಸಬೇಕಾದ ಬೇನೆ. ಮಕ್ಕಳು ಕೇಳುವುದಾದರೆ ಅಲ್ಲಿನ ಚಳಿ ಹೇಗಿತ್ತು, ಊಟಕ್ಕೆ ಏನಿತ್ತು, ಮನೆಗೆ ಬರೆದ ಕಾಗದ ತಲಪಲು ಎಷ್ಟು ದಿನ ಹಿಡಿಯುತ್ತಿತ್ತು ಎಂದು ಕೇಳಲಿ. ಉತ್ತರವನ್ನು ಒಂದು ನೋಟು ಪುಸ್ತಕದಲ್ಲಿ ಬರೆದುಕೊಳ್ಳಲಿ. ಸೇರಿದ ವರ್ಷ, ಪಡೆಯ ಹೆಸರು, ಇದ್ದ ಊರುಗಳು, ಜೊತೆಗಾರರ ಹೆಸರುಗಳು. ೧೯೬೨, ೧೯೬೫, ೧೯೭೧ರ ಯುದ್ಧಗಳಿಗೆ ಹೋಗಿ ಬಂದವರಲ್ಲಿ ಇನ್ನೂ ಉಳಿದಿರುವವರಿಗೆ ಬಹಳ ವಯಸ್ಸಾಗಿದೆ. ಬೇಸಿಗೆಯ ರಜೆಗೆ ಮಕ್ಕಳು ಅಜ್ಜನ ಊರಿಗೆ ಹೋದಾಗ ಈ ಕೆಲಸವನ್ನು ಮೊದಲು ಮಾಡಲಿ.